ತೊಗಲಿನ ಚೀಲದಿಂದ ಆಯವ್ಯಯದವರೆಗೆ: ‘ಬಜೆಟ್’ ಪದದ ಹಾದಿ

‘ಬಜೆಟ್’ ಎಂದರೆ ಮೂಲದಲ್ಲಿ ಸಣ್ಣ ತೊಗಲಿನ ಚೀಲ. ಸರ್ಕಾರದ ಆದಾಯ, ವೆಚ್ಚ, ತೆರಿಗೆ, ಸಾಲ ಇವುಗಳಿಗೂ ಈ ಪದಕ್ಕೂ ಹುಟ್ಟಿನಿಂದ ಬಂದ ನಂಟು ಯಾವುದೂ ಇಲ್ಲ. ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಅದು ಬಂದದ್ದು 15ನೆಯ ಶತಮಾನದಲ್ಲಿ; ಹಣಕಾಸಿನ ಅರ್ಥ ಅದಕ್ಕೆ ಅಂಟಿಕೊಂಡದ್ದು 18ನೆಯ ಶತಮಾನದಲ್ಲಿ. ನಡುವಿನ ಸುಮಾರು 300 ವರ್ಷ ಈ ಪದ ದಾರಿಹೋಕರ ಹೆಗಲಲ್ಲಿ, ಕುದುರೆಯ ಜೀನಿನ ಪಕ್ಕದಲ್ಲಿ, ಊರೂರು ತಿರುಗುವ ಕಲಾಯಿಗಾರರ ಬೆನ್ನ ಮೇಲೆ ತೂಗಾಡಿಕೊಂಡಿತ್ತು. ಚೀಲದ ಹೆಸರು ಚೀಲದೊಳಗಿನ ವಸ್ತುವಿಗೆ, ವಸ್ತುವಿನ ಹೆಸರು ಲೆಕ್ಕಕ್ಕೆ, ಲೆಕ್ಕದ ಹೆಸರು ಯೋಜನೆಗೆ ಹೇಗೆ ದಾಟಿತು ಎಂಬುದೇ ಈ ಪದದ ಚರಿತ್ರೆ.

ಪದದ ಬೇರು ಫ್ರೆಂಚಿಗಿಂತಲೂ ಹಳೆಯದು. ಇಂದಿನ ಫ್ರಾನ್ಸ್ ದೇಶವಿರುವ ನೆಲದಲ್ಲಿ ರೋಮನರು ಬರುವ ಮೊದಲು ಗಾಲ್ ಜನ ನೆಲೆಸಿದ್ದರು. ಅವರ ಭಾಷೆ ಕೆಲ್ಟಿಕ್ ಕುಲಕ್ಕೆ ಸೇರಿದ್ದು. ತೊಗಲಿನ ಚೀಲಕ್ಕೆ ಅವರಲ್ಲಿದ್ದ ಹೆಸರು ‘ಬುಲ್ಗ’. ರೋಮನ್ ನಿಘಂಟುಕಾರ ಫೆಸ್ಟಸ್ ಈ ಪದ ಗಾಲರದು ಎಂದೇ ದಾಖಲಿಸಿದ್ದಾನೆ. ಆದರೆ ಅವನಿಗಿಂತ ಬಹಳ ಮೊದಲೇ, ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ, ವಿಡಂಬನ ಕವಿ ಲೂಸಿಲಿಯಸ್ ಲ್ಯಾಟಿನ್ನಿನಲ್ಲಿ ಅದನ್ನು ಬಳಸಿದ್ದ. ಹಣದ ಚೀಲಕ್ಕಷ್ಟೇ ಅಲ್ಲದೆ ತಾಯಿಯ ಗರ್ಭಕ್ಕೂ ಅವನು ಇದೇ ಪದವನ್ನು ಹೊಂದಿಸಿದ. ಹಳೆಯ ಐರಿಷ್ ಭಾಷೆಯಲ್ಲಿ ‘ಬೋಲ್ಗ್’ ಎಂದರೆ ಚೀಲ. ವೆಲ್ಷ್ ಭಾಷೆಯ ‘ಬೋಲ್’ ಹೊಟ್ಟೆಯನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಹೊಟ್ಟೆಗೆ ಹೇಳುವ ‘ಬೆಲ್ಲಿ’, ಕಮ್ಮಾರನ ತಿದಿಗೆ ಹೇಳುವ ‘ಬೆಲ್ಲೋಸ್’ ಇವೂ ಅದೇ ಬೇರಿನ ಚಿಗುರುಗಳು. ಎಲ್ಲಕ್ಕೂ ತಳದಲ್ಲಿರುವ ಅರ್ಥ ಒಂದೇ: ಉಬ್ಬುವುದು, ಊದಿಕೊಳ್ಳುವುದು. ವೇದಗಳಲ್ಲಿ ಯಜ್ಞವೇದಿಯ ಮೇಲೆ ಹಾಸುವ ದರ್ಭೆಯ ಹಾಸಿಗೆಗೆ ‘ಬರ್ಹಿಸ್’ ಎನ್ನುತ್ತಾರೆ, ದಿಂಬಿಗೆ ‘ಉಪಬರ್ಹಣ’ ಎಂಬ ಪದವಿದೆ. ಇವನ್ನೂ ಅದೇ ಇಂಡೋ-ಯೂರೋಪಿಯನ್ ಮೂಲಕ್ಕೆ ನಿಘಂಟುಕಾರರು ಜೋಡಿಸುತ್ತಾರೆ. ಕನ್ನಡ ಬೇರೆಯೇ ಭಾಷಾಕುಲದ್ದು. ಆದರೂ ಅರ್ಥ ಬೆಳೆದ ಬಗೆ ಇಲ್ಲಿಯೂ ಹಾಗೆಯೇ ಇದೆ. ನೀರೋ ಎಣ್ಣೆಯೋ ತುಂಬುವ ತೊಗಲಿನ ಚೀಲಕ್ಕೂ ಕಮ್ಮಾರನ ತಿದಿಗೂ ಕನ್ನಡದಲ್ಲಿ ‘ತಿತ್ತಿ’ ಎಂಬ ಒಂದೇ ಹೆಸರಿದೆ.

ಲ್ಯಾಟಿನ್ನಿನ ‘ಬುಲ್ಗ’ ಹಳೆಯ ಫ್ರೆಂಚಿನಲ್ಲಿ ಸವೆದು ‘ಬೂಜ್’ ಆಯಿತು. ಅದರ ಕೊನೆಗೆ ಚಿಕ್ಕದು ಎಂಬುದನ್ನು ಸೂಚಿಸುವ ‘ಎಟ್’ ಪ್ರತ್ಯಯ ಸೇರಿ ‘ಬೂಜೆಟ್’, ಅಂದರೆ ಚಿಕ್ಕ ತೊಗಲುಚೀಲ, ಹುಟ್ಟಿತು. ಫ್ರೆಂಚ್ ಭಾಷೆಗೆ ಈ ಪ್ರತ್ಯಯ ಬಹಳ ಇಷ್ಟ. ಸಿಗಾರಿನಿಂದ ಸಿಗರೇಟು ಬಂದದ್ದು ಹೀಗೆಯೇ. ಕನ್ನಡದ ಮನೆಮಾತೇ ಆಗಿಹೋಗಿರುವ ‘ಪಾಕೆಟ್’ ಕೂಡ ನಾರ್ಮನ್ ಫ್ರೆಂಚರು ‘ಪೋಕ್’ ಎನ್ನುತ್ತಿದ್ದ ಚೀಲದ ಮರಿ. ಹೀಗೆ ಪಾಕೆಟ್ಟೂ ಬಜೆಟ್ಟೂ ಮೂಲದಲ್ಲಿ ಒಂದೇ ಬಗೆಯ ವಸ್ತುವಿನ ಎರಡು ಹೆಸರುಗಳು; ಒಂದು ಬಟ್ಟೆಗೆ ಹೊಲಿಸಿಕೊಂಡು ಮೈಗಂಟಿತು, ಇನ್ನೊಂದು ಸಂಸತ್ತಿಗೆ ಹೋಯಿತು. ‘ಬೂಜ್’ ಪದವೂ ಪ್ರತ್ಯಯವಿಲ್ಲದೆ ಇಂಗ್ಲಿಷಿಗೆ ಬಂದು ‘ಬಲ್ಜ್’ ಎಂಬ ರೂಪದಲ್ಲಿ ಉಬ್ಬು ಎಂಬ ಅರ್ಥವನ್ನು ಉಳಿಸಿಕೊಂಡಿದೆ. ಫ್ರೆಂಚಿನಲ್ಲಿ ಅದರ ಗತಿ ಬೇರೆಯಾಯಿತು. ಇಂದು ಅಲ್ಲಿ ‘ಬೂಜ್’ ಎಂದರೆ ಕತ್ತಲೆಯ ಕೊಳಕು ಕೋಣೆ ಅಥವಾ ಕೀಳುದರ್ಜೆಯ ಹೆಂಡದಂಗಡಿ.

ಒಂದು ಪದ ಯಾವ ಕಾಲದಲ್ಲಿ ಗಡಿ ದಾಟಿತು ಎಂಬುದಕ್ಕೆ ಅದರ ಉಚ್ಚಾರಣೆಯೇ ಸಾಕ್ಷಿ ಹೇಳುವುದುಂಟು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಭಾಷೆ ಫ್ರೆಂಚ್ ಆಯಿತು. ನ್ಯಾಯ, ತೆರಿಗೆ, ಅಡುಗೆ, ಉಡುಪು, ಯುದ್ಧ ಎಲ್ಲದಕ್ಕೂ ಸಂಬಂಧಿಸಿದ ಸಾವಿರಾರು ಫ್ರೆಂಚ್ ಪದಗಳು ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಇಂಗ್ಲಿಷಿಗೆ ಇಳಿದುಬಂದವು. ಆ ಕಾಲದ ಫ್ರೆಂಚಿನಲ್ಲಿ ‘ಚ’ಕಾರ, ‘ಜ’ಕಾರಗಳು ಗಟ್ಟಿಯಾಗಿದ್ದವು. ಆಮೇಲೆ ಫ್ರಾನ್ಸಿನಲ್ಲಿ ಅವು ಮೆತ್ತಗಾದವು, ಇಂಗ್ಲೆಂಡಿನಲ್ಲಿ ಹಳೆಯ ಗಟ್ಟಿತನವೇ ಉಳಿಯಿತು. ಆದ್ದರಿಂದ ಮುಖ್ಯಸ್ಥ ಎಂಬರ್ಥದ ‘ಚೀಫ್’ ಮೊದಲು ಬಂದ ಪದ. ಮುಖ್ಯ ಅಡುಗೆಯವನಿಗೆ ಹೇಳುವ ‘ಶೆಫ್’ ಬಹಳ ತಡವಾಗಿ ಬಂದದ್ದು. ಎರಡರ ಮೂಲವೂ ಒಂದೇ ಫ್ರೆಂಚ್ ಪದ. ಬಜೆಟ್ ಎಂಬಲ್ಲಿನ ಗಟ್ಟಿ ‘ಜ’ಕಾರ ಅದನ್ನು ಹಳೆಯ ತಂಡದ ಸಾಲಿಗೆ ಸೇರಿಸುತ್ತದೆ. ಫ್ರೆಂಚಿನ ‘ಬೂ’ ಇಂಗ್ಲಿಷರ ಬಾಯಲ್ಲಿ ಮೊಟಕಾಗಿ ಇಂದಿನ ‘ಬ’ ಆಯಿತು. ಕನ್ನಡಿಗರ ಕಿವಿಗೆ ಬಿದ್ದದ್ದು ಈ ರೂಪ.

ಇಂಗ್ಲೆಂಡಿನಲ್ಲಿ ಬಜೆಟ್ ಬಡವರ ವಸ್ತುವೂ ಆಗಿತ್ತು, ಶ್ರೀಮಂತರ ವಸ್ತುವೂ ಆಗಿತ್ತು. ಪಾತ್ರೆಗೆ ತೇಪೆ ಹಾಕುವ ಕಸುಬಿನವರು ತಮ್ಮ ಹತ್ಯಾರುಗಳನ್ನು ತುಂಬಿಕೊಂಡು ತಿರುಗುತ್ತಿದ್ದ ಹಂದಿಯ ತೊಗಲಿನ ಬಜೆಟ್ಟು ಶೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಆಟೋಲಿಕಸ್ ಎಂಬ ಕಿಲಾಡಿ ಹಾಡುವ ಪದದಲ್ಲಿ ಬರುತ್ತದೆ. ನೀರು ಹೊರುವ ಜೋಡಿ ತಿತ್ತಿಗಳಿಗೂ ಇದೇ ಹೆಸರಿತ್ತು. ಅಡ್ಡೆಯ ಎರಡು ತುದಿಗೆ ಕಟ್ಟಿದ ಈ ನೀರಿನ ತಿತ್ತಿಗಳು ಯುದ್ಧಯಾತ್ರೆಯಲ್ಲಿ ಸೈನಿಕರ ಪ್ರಾಣ ಉಳಿಸುವ ವಸ್ತುಗಳಾಗಿದ್ದರಿಂದಲೋ ಏನೋ, ಕುಲೀನ ಮನೆತನಗಳ ಲಾಂಛನದಲ್ಲಿಯೂ ಅವುಗಳಿಗೆ ಜಾಗ ಸಿಕ್ಕಿತು. ಇಂಗ್ಲೆಂಡಿನ ಡಿ ರಾಸ್ ಮನೆತನದ ಲಾಂಛನದಲ್ಲಿ ಕೆಂಪು ನೆಲದ ಮೇಲೆ ಮೂರು ಬೆಳ್ಳಿಯ ನೀರುತಿತ್ತಿಗಳಿವೆ. ಲಾಂಛನಶಾಸ್ತ್ರದಲ್ಲಿ ಇವುಗಳನ್ನು ಇಂದಿಗೂ ಹಳೆಯ ಫ್ರೆಂಚ್ ರೂಪದಲ್ಲಿ ‘ಬೂಜೆಟ್’ ಎಂದೇ ಕರೆಯುತ್ತಾರೆ.

ಬಾಯಿ ಮುಚ್ಚಿಕೊಂಡಿರುವುದಕ್ಕೂ ಚೀಲಕ್ಕೂ ಜನ ನಂಟು ಕಲ್ಪಿಸಿದ್ದರು. 16ನೆಯ ಶತಮಾನದ ಇಂಗ್ಲಿಷಿನಲ್ಲಿ ‘ಮಮ್‌ಬಜೆಟ್’ ಎಂದರೆ ತುಟಿ ಪಿಟಕ್ಕೆನ್ನದಿರುವುದು. ಶೇಕ್ಸ್‌ಪಿಯರನ ‘ದಿ ಮೆರ‍್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದಲ್ಲಿ ಸ್ಲೆಂಡರ್ ಎಂಬ ಹುಡುಗ ತಾನು ಮೆಚ್ಚಿದ ಹುಡುಗಿಯನ್ನು ಕತ್ತಲಲ್ಲಿ ಗುರುತಿಸಲು ಗೊತ್ತುಮಾಡಿಕೊಂಡ ಸಂಕೇತವೇ ಇದು: ಇವನು ಪದದ ಮೊದಲ ಅರ್ಧ ಹೇಳಬೇಕು, ಅವಳು ‘ಬಜೆಟ್’ ಎಂದು ಎರಡನೆಯ ಅರ್ಧ ಹೇಳಬೇಕು. ಮುಚ್ಚಿದ ಬಜೆಟ್ ಮೌನವಾದರೆ, ಬಜೆಟ್ ಬಿಚ್ಚುವುದು ಎಂದರೆ ಮನಸ್ಸಿನಲ್ಲಿದ್ದುದನ್ನು ಹೊರಹಾಕುವುದು. ಈ ನುಡಿಗಟ್ಟನ್ನು ನೆನಪಿನಲ್ಲಿಡಬೇಕು. ಪದದ ಭವಿಷ್ಯ ತಿರುಗಿದ್ದು ಈ ಬಿಚ್ಚುವ ಕ್ರಿಯೆಯ ಮೇಲೆ.

ಚೀಲದಿಂದ ಒಳಗಿನ ಸರಕಿಗೆ ಅರ್ಥ ಜಾರುವುದು ಎಲ್ಲ ಭಾಷೆಗಳಲ್ಲಿಯೂ ಸಹಜ. ಕನ್ನಡದ ‘ಗಂಟು’ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲು ಅದು ಹಗ್ಗದ ಅಥವಾ ಬಟ್ಟೆಯ ಕಟ್ಟು; ಆಮೇಲೆ ಕಟ್ಟಿದ ಮೂಟೆ; ಆಮೇಲೆ ಮೂಟೆಯೊಳಗಿನ ಹಣ. ‘ಇಡುಗಂಟು’ ಎನ್ನುವಾಗ ಕಟ್ಟಿನ ನೆನಪು ಯಾರಿಗೂ ಬರುವುದಿಲ್ಲ. ಇಂಗ್ಲಿಷಿನಲ್ಲಿಯೂ ಬಜೆಟ್ ಹೀಗೆಯೇ ಕಂತೆ, ರಾಶಿ, ಸಂಗ್ರಹ ಎಂಬ ಅರ್ಥ ಪಡೆಯಿತು. ಸುದ್ದಿಯ ಬಜೆಟ್, ಕಾಗದಗಳ ಬಜೆಟ್ ಎಂದು ಬರೆಯುವುದು ವಾಡಿಕೆಯಾಯಿತು. 19ನೆಯ ಶತಮಾನದಲ್ಲಿ ವಾರಪತ್ರಿಕೆಗಳಿಗೂ ಈ ಹೆಸರಿಟ್ಟರು. ಮಧುರೆಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರಾದ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಬರೆದ ‘ಎ ಬಜೆಟ್ ಆಫ್ ಪ್ಯಾರಡಾಕ್ಸಸ್’ 1872ರಲ್ಲಿ, ಅವನು ತೀರಿಕೊಂಡ ಮರುವರ್ಷ, ಪ್ರಕಟವಾಯಿತು. ಅದು ಹಣದ ಪುಸ್ತಕವಲ್ಲ. ವೃತ್ತವನ್ನು ಚೌಕ ಮಾಡಲು ಹೊರಟವರಂಥ ಹಟವಾದಿಗಳ ವಿಚಿತ್ರ ವಾದಗಳ ಕಂತೆ. ಅಮೆರಿಕದ ಪತ್ರಿಕಾಲಯಗಳಲ್ಲಿ ಮರುದಿನದ ಸಂಚಿಕೆಗೆ ಆಯ್ದ ಸುದ್ದಿಗಳ ಪಟ್ಟಿಯನ್ನು ಬಜೆಟ್ ಎನ್ನುವ ರೂಢಿ ಇಂದಿಗೂ ಇದೆ. ಅದು ಈ ಹಳೆಯ ಅರ್ಥದ ಉಳಿಕೆ.

ಹಣಕಾಸಿನ ಅರ್ಥ ಬಂದ ಕಥೆಗೆ ನಿಶ್ಚಿತವಾದ ವರ್ಷವಿದೆ: 1733. ಬ್ರಿಟನ್ನಿನ ಹಣಕಾಸನ್ನು ಆಗ ನೋಡಿಕೊಳ್ಳುತ್ತಿದ್ದವನು ರಾಬರ್ಟ್ ವಾಲ್‌ಪೋಲ್. ಆ ದೇಶದ ಮೊದಲ ಪ್ರಧಾನಿ ಎಂದು ಇತಿಹಾಸಕಾರರು ಎಣಿಸುವ ವ್ಯಕ್ತಿ. ಹೊಗೆಸೊಪ್ಪು ಮತ್ತು ದ್ರಾಕ್ಷಾರಸ ಬಂದರಿನಲ್ಲಿ ಇಳಿಯುವಾಗ ಸುಂಕ ತೆಗೆದುಕೊಳ್ಳುವುದನ್ನು ಬಿಟ್ಟು, ಮಾಲು ಉಗ್ರಾಣದಿಂದ ಮಾರಾಟಕ್ಕೆ ಹೊರಬೀಳುವಾಗ ಅಬಕಾರಿ ತೆರಿಗೆ ವಸೂಲು ಮಾಡಬೇಕೆಂಬುದು ಅವನ ಯೋಜನೆ. ಕಳ್ಳಸಾಗಣೆ ನಿಲ್ಲುತ್ತದೆ, ಭೂಕಂದಾಯ ಇಳಿಸಬಹುದು ಎಂದು ಅವನ ಲೆಕ್ಕ. ಆದರೆ ಅಬಕಾರಿ ಅಧಿಕಾರಿಗಳು ಅಂಗಡಿ ಮನೆಗಳನ್ನು ಶೋಧಿಸುವ ಭಯ ಜನರನ್ನು ಕೆರಳಿಸಿತು. ಆ ಗದ್ದಲದ ನಡುವೆ ‘ದಿ ಬಜೆಟ್ ಓಪನ್ಡ್’, ಅಂದರೆ ‘ಬಿಚ್ಚಿದ ಚೀಲ’, ಎಂಬ ಕರಪತ್ರ ಹೊರಬಂತು. ವಿರೋಧಿ ನಾಯಕ ವಿಲಿಯಂ ಪಲ್ಟ್ನಿ ಅದರ ಕರ್ತೃ ಎಂದು ನಂಬಲಾಗಿದೆ. ಸಂತೆಯಲ್ಲಿ ಜನ ಸೇರಿಸಿ, ಚೀಲ ಬಿಚ್ಚಿ, ಸಕಲ ರೋಗಕ್ಕೂ ಒಂದೇ ಮದ್ದು ಎಂದು ಕೂಗುವ ನಕಲಿ ವೈದ್ಯನಿಗೆ ವಾಲ್‌ಪೋಲನನ್ನು ಆ ಕರಪತ್ರ ಹೋಲಿಸಿತು. ಏಟು ನಾಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ವಾಲ್‌ಪೋಲ್ ತನ್ನ ಮಸೂದೆಯನ್ನು ಕೈಬಿಟ್ಟ.

ಮಸೂದೆ ಹೋಯಿತು, ಪದ ಉಳಿಯಿತು. 1764ರಲ್ಲಿ ಡೇವಿಡ್ ಹಾರ್ಟ್ಲಿ ಸರ್ಕಾರದ ಹಣಕಾಸನ್ನು ಖಂಡಿಸಿ ಬರೆದ ಕರಪತ್ರಕ್ಕೆ ‘ದಿ ಬಜೆಟ್’ ಎಂಬ ಒಂದೇ ಪದ ಹೆಸರಾಗಿ ಸಾಕಾಯಿತು. ಅಷ್ಟರಲ್ಲಿ ಓದುಗರಿಗೆ ಅರ್ಥ ವಿವರಿಸುವ ಅಗತ್ಯ ಇರಲಿಲ್ಲ. ಅಣಕದ ಮಾತೊಂದು ಒಂದು ತಲೆಮಾರಿನೊಳಗೆ ಗಂಭೀರವಾದ ರಾಜ್ಯಶಾಸ್ತ್ರದ ಪರಿಭಾಷೆಯಾದದ್ದು ಪದಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿ. ಬಿಚ್ಚುವುದು ಎಂಬ ಕ್ರಿಯಾಪದ ಮಾತ್ರ ಬಹುಕಾಲ ಅದರ ಬೆನ್ನು ಬಿಡಲಿಲ್ಲ. ಬ್ರಿಟನ್ನಿನ ಹಣಕಾಸು ಸಚಿವರು ಬಜೆಟ್ಟನ್ನು ಮಂಡಿಸುತ್ತಿರಲಿಲ್ಲ, ‘ತೆರೆಯುತ್ತಿದ್ದರು’. ಆ ಸಚಿವರ ಪದವಿಯ ಹೆಸರಿನಲ್ಲಿಯೂ ವಸ್ತುವೊಂದು ಅಡಗಿದೆ. ‘ಎಕ್ಸ್‌ಚೆಕರ್’ ಎಂದರೆ ಹಳೆಯ ಫ್ರೆಂಚಿನಲ್ಲಿ ಚದುರಂಗದ ಮಣೆ. 12ನೆಯ ಶತಮಾನದಲ್ಲಿ ರಿಚರ್ಡ್ ಫಿಟ್ಜ್‌ನೀಲ್ ಬರೆದ ಗ್ರಂಥದ ಪ್ರಕಾರ, ರಾಜನ ಲೆಕ್ಕಿಗರು 10 ಅಡಿ ಉದ್ದ, 5 ಅಡಿ ಅಗಲದ ಮೇಜಿನ ಮೇಲೆ ಚೌಕುಳಿ ಬಟ್ಟೆ ಹಾಸಿ, ಮನೆಮನೆಗೆ ಬಿಲ್ಲೆಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದರು. ವಿತ್ತೀಯ ಎಂಬರ್ಥದ ‘ಫಿಸ್ಕಲ್’ ಪದ ಲ್ಯಾಟಿನ್ನಿನ ‘ಫಿಸ್ಕಸ್’ನಿಂದ ಬಂದದ್ದು, ಫಿಸ್ಕಸ್ ಎಂದರೆ ಹೆಣೆದ ಬುಟ್ಟಿ. ಚೀಲ, ಬುಟ್ಟಿ, ಹಾಸುಬಟ್ಟೆ: ಅರ್ಥಶಾಸ್ತ್ರದ ಈ ದೊಡ್ಡ ಪದಗಳೆಲ್ಲ ಕೈಯಲ್ಲಿ ಹಿಡಿಯಬಹುದಾದ ವಸ್ತುಗಳಿಂದ ಹುಟ್ಟಿವೆ.

ತೊಗಲಿನ ನೆನಪನ್ನು ಬ್ರಿಟಿಷರು ಬೇರೊಂದು ರೂಪದಲ್ಲಿ ಉಳಿಸಿಕೊಂಡರು. 19ನೆಯ ಶತಮಾನದ ಮಧ್ಯದಲ್ಲಿ ಹಣಕಾಸು ಸಚಿವ ವಿಲಿಯಂ ಗ್ಲ್ಯಾಡ್‌ಸ್ಟನ್‌ಗಾಗಿ ಮಾಡಿಸಿದ ಮರದ ಪೆಟ್ಟಿಗೆಗೆ ಹೊರಗೆ ಕೆಂಪು ತೊಗಲು, ಒಳಗೆ ಕಪ್ಪು ರೇಷ್ಮೆಬಟ್ಟೆ. ಬಜೆಟ್ ದಿನ ಸಚಿವರು ಅದನ್ನು ಎತ್ತಿ ಹಿಡಿದು ಜನಕ್ಕೆ ತೋರಿಸುವುದು ಸಂಪ್ರದಾಯವಾಯಿತು. ಒಂದೆರಡು ಬಿಡುವು ಬಿಟ್ಟರೆ 2010ರವರೆಗೆ ಆ ಹಳೆಯ ಪೆಟ್ಟಿಗೆಯೇ ಬಳಕೆಯಲ್ಲಿತ್ತು.

ಫ್ರಾನ್ಸಿನಲ್ಲಿ ಇತ್ತ ಬೇರೆ ಪರಿಸ್ಥಿತಿ. ರಾಜನ ಆದಾಯ ವೆಚ್ಚ ಅಲ್ಲಿ ರಾಜರಹಸ್ಯ. 1781ರಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ಜಾಕ್ ನೆಕೆರ್ ರಾಜನಿಗೆ ಒಪ್ಪಿಸಿದ ವರದಿಯನ್ನು ಅಚ್ಚುಹಾಕಿಸಿ ಮಾರಾಟಕ್ಕೆ ಬಿಟ್ಟಾಗ ಜನ ಮುಗಿಬಿದ್ದು ಕೊಂಡರು. ಅದರ ಅಂಕಿಗಳು ನಂಬಲು ಯೋಗ್ಯವಾಗಿರಲಿಲ್ಲ, ಯುದ್ಧದ ಸಾಲದ ಭಾರವನ್ನು ಅದು ಮರೆಮಾಡಿತ್ತು. ಆದರೂ ರಾಜ್ಯದ ಲೆಕ್ಕವನ್ನು ಪ್ರಜೆಗಳು ಓದಬಹುದು ಎಂಬ ವಿಚಾರ ಒಮ್ಮೆ ಹುಟ್ಟಿದ ಮೇಲೆ ಮತ್ತೆ ಚೀಲದೊಳಕ್ಕೆ ಹೋಗಲಿಲ್ಲ. ಕ್ರಾಂತಿ ಕಳೆದು, 19ನೆಯ ಶತಮಾನದ ಮೊದಲಲ್ಲಿ ಫ್ರೆಂಚ್ ಆಡಳಿತಕ್ಕೆ ವಾರ್ಷಿಕ ಲೆಕ್ಕಕ್ಕೊಂದು ಹೆಸರು ಬೇಕಾಯಿತು. ಆಗ ಅವರು ಇಂಗ್ಲಿಷಿನ ‘ಬಜೆಟ್’ ಅನ್ನೇ ತಂದುಕೊಂಡರು. ಮನೆಯಿಂದ ಹೋದ ಮಗಳು ಹೊಸ ಹೆಸರು, ಹೊಸ ಉಡುಗೆಯಲ್ಲಿ ತವರಿಗೆ ಬಂದಂತೆ ಪದ ಮರಳಿತು. ಇಂದು ಫ್ರೆಂಚರು ಅದನ್ನು ‘ಬ್ಯುಡ್ಜೆ’ ಎಂಬಂತೆ ಉಚ್ಚರಿಸುತ್ತಾರೆ. ಕೊನೆಯ ‘ಟ’ಕಾರವನ್ನು ತಮ್ಮ ಪದ್ಧತಿಯಂತೆ ನುಂಗುತ್ತಾರೆ, ಆದರೆ ನಡುವಿನ ಗಟ್ಟಿ ‘ಜ’ಕಾರವನ್ನು, ಅಂದರೆ ತಮ್ಮದೇ ಪೂರ್ವಜರಿಂದ ಇಂಗ್ಲಿಷರು ಕಲಿತದ್ದನ್ನು, ಹಾಗೆಯೇ ಉಳಿಸಿಕೊಂಡಿದ್ದಾರೆ.

ಭಾರತಕ್ಕೆ ಪದ ಬಂದದ್ದು ಆಡಳಿತದ ಜೊತೆಗೆ. 1857ರ ದಂಗೆಯನ್ನು ಹತ್ತಿಕ್ಕುವ ವೆಚ್ಚದಿಂದ ಭಾರತ ಸರ್ಕಾರ ಸಾಲದಲ್ಲಿ ಮುಳುಗಿತ್ತು. ಅದನ್ನು ಸರಿಪಡಿಸಲು ಬಂದ ಜೇಮ್ಸ್ ವಿಲ್ಸನ್ ಸ್ಕಾಟ್ಲೆಂಡಿನವನು, ಟೋಪಿ ತಯಾರಿಕೆಯ ಕಸುಬಿನಿಂದ ಮೇಲೆ ಬಂದವನು, 1843ರಲ್ಲಿ ‘ದಿ ಇಕನಾಮಿಸ್ಟ್’ ಪತ್ರಿಕೆಯನ್ನು ಹುಟ್ಟುಹಾಕಿದವನು. 1860ರಲ್ಲಿ ಅವನು ಕಲ್ಕತ್ತೆಯಲ್ಲಿ ದೇಶದ ಮೊದಲ ಬಜೆಟ್ ಮಂಡಿಸಿದ, ಅದರೊಂದಿಗೇ ಆದಾಯ ತೆರಿಗೆಯನ್ನೂ ತಂದ. ಅದೇ ಆಗಸ್ಟ್‌ನಲ್ಲಿ ರಕ್ತಭೇದಿಯಿಂದ ಅಲ್ಲಿಯೇ ತೀರಿಕೊಂಡ. ಆ ಬಜೆಟ್ಟನ್ನು ಪ್ರಶ್ನಿಸುವ ಪ್ರಜಾಪ್ರತಿನಿಧಿಗಳು ಆಗ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ ಅದರ ಉದ್ದೇಶ ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಕಾರ್ಯಕ್ರಮವನ್ನೂ ಪ್ರತಿನಿಧಿಗಳ ಮುಂದಿಡುವುದಾಗಿತ್ತು. ಮತ ಹಾಕುವ ಅಧಿಕಾರ ಆ ಸಭೆಗೆ ಇರಲಿಲ್ಲವಾದರೂ, ಲೆಕ್ಕವನ್ನು ಜನರ ಎದುರು ಬಿಚ್ಚಬೇಕೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿತ್ತು. ಅದೇನೂ ಸಣ್ಣ ಹೆಜ್ಜೆಯಲ್ಲ.

ಸ್ವತಂತ್ರ ಭಾರತದ ಮೊದಲ ಬಜೆಟ್ಟನ್ನು ಆರ್.ಕೆ. ಷಣ್ಮುಖಂ ಚೆಟ್ಟಿ 1947ರ ನವೆಂಬರ್ 26ರಂದು ಮಂಡಿಸಿದರು. ಏಳೂವರೆ ತಿಂಗಳಿನ ಅವಧಿಯದು ಅದು. ತೊಗಲಿನ ಕೈಪೆಟ್ಟಿಗೆ ಹಿಡಿದು ಸಂಸತ್ತಿಗೆ ಬರುವ ಪದ್ಧತಿ ಅಲ್ಲಿಂದ ಬಹುಕಾಲ ನಡೆಯಿತು. ಸಂಜೆ 5 ಗಂಟೆಗೆ ಮಂಡಿಸುವ ಬ್ರಿಟಿಷ್ ಕಾಲದ ರೂಢಿ 1999ರಲ್ಲಿ ಯಶವಂತ ಸಿನ್ಹಾ ಬೆಳಗಿನ 11ಕ್ಕೆ ಬದಲಿಸುವವರೆಗೆ ಉಳಿದಿತ್ತು. 2019ರಲ್ಲಿ ನಿರ್ಮಲಾ ಸೀತಾರಾಮನ್ ತೊಗಲಿನ ಪೆಟ್ಟಿಗೆಯನ್ನು ಬಿಟ್ಟು ಕೆಂಪು ಬಟ್ಟೆಯಲ್ಲಿ ಸುತ್ತಿದ ಬಹಿಖಾತೆಯನ್ನು, ಅಂದರೆ ಲೆಕ್ಕದ ಪುಸ್ತಕವನ್ನು, ತಂದರು. 2021ರಲ್ಲಿ ಅದರ ಜಾಗಕ್ಕೆ ಟ್ಯಾಬ್ಲೆಟ್ ಬಂತು. ‘ಬಹಿ’ ಕನ್ನಡಿಗರಿಗೆ ಹೊಸದೇನಲ್ಲ. ‘ದಿನವಹಿ’ಯಲ್ಲಿರುವ ‘ವಹಿ’ ಅದೇ. ಬಟ್ಟೆಗೂ ಲೆಕ್ಕಕ್ಕೂ ಕನ್ನಡ ನಾಡಿನಲ್ಲಿ ಇನ್ನೂ ಹತ್ತಿರದ ಸಂಬಂಧವಿತ್ತು. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಬಟ್ಟೆಯೇ ‘ಕಡತ’. ಇಂದು ಅದೇ ಪದ ಕಚೇರಿಯ ಫೈಲು ಎಂಬ ಅರ್ಥಕ್ಕೆ ದಾಟಿದೆ.

20ನೆಯ ಶತಮಾನದಲ್ಲಿ ಬಜೆಟ್ ಸರ್ಕಾರದ ಕೈಯಿಂದ ಮನೆಗೆ ಇಳಿಯಿತು. ತಿಂಗಳ ಸಂಬಳ ಹಂಚಿಕೊಳ್ಳುವ ಯೋಜನೆಗೆ ಆ ಹೆಸರು ಬಂತು. ಹಣಕ್ಕೆ ಮಿತಿಯಿದೆ ಎಂಬ ಧ್ವನಿ ಬಲವಾಗುತ್ತ ಹೋಗಿ, ಪದವು ವಿಶೇಷಣವಾಗಿ ‘ಅಗ್ಗದ’ ಎಂಬ ಅರ್ಥವನ್ನೂ ಪಡೆಯಿತು. ಬಜೆಟ್ ಹೋಟೆಲ್, ಬಜೆಟ್ ಫೋನ್ ಎಂಬ ಪ್ರಯೋಗಗಳು ಹಾಗೆ ಬಂದವು. ವಿಜ್ಞಾನಿಗಳು ಹಣವನ್ನೇ ಬಿಟ್ಟು ಒಳಬರುವುದು, ಹೊರಹೋಗುವುದು ಎಂಬ ಲೆಕ್ಕವನ್ನಷ್ಟೇ ಇಟ್ಟುಕೊಂಡರು. ಒಂದು ಜಲಾನಯನಕ್ಕೆ ಬಿದ್ದ ಮಳೆ, ಆವಿಯಾದ ನೀರು, ಹರಿದುಹೋದ ನೀರು, ಇಂಗಿದ ನೀರು ಇವುಗಳ ತಾಳೆ ಆ ಪ್ರದೇಶದ ಜಲ ಬಜೆಟ್. ಭೂಮಿಯ ತಾಪ ಗೊತ್ತಾದ ಮಿತಿ ಮೀರದಂತೆ ಮನುಷ್ಯರು ಇನ್ನೆಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಡಬಹುದು ಎಂಬ ಅಂದಾಜು ಇಂಗಾಲದ ಬಜೆಟ್.

ಕನ್ನಡದಲ್ಲಿ ಈ ಪದಕ್ಕೆ ‘ಮುಂಗಡ ಪತ್ರ’, ‘ಆಯವ್ಯಯ’ ಎಂಬ ಎರಡು ಸಮಾನ ಪದಗಳು ಪತ್ರಿಕೆಗಳಲ್ಲಿಯೂ ವಿಧಾನಸಭೆಯಲ್ಲಿಯೂ ಬಳಕೆಯಲ್ಲಿವೆ. ಮೊದಲನೆಯದು ಮುಂಬರುವ ವರ್ಷದ ಅಂದಾಜು ಎಂಬುದನ್ನು ಹೇಳುತ್ತದೆ. ಎರಡನೆಯದು ಬರುವುದು, ಹೋಗುವುದು ಎರಡನ್ನೂ ಹೇಳುತ್ತದೆ. ಅರ್ಥದ ದೃಷ್ಟಿಯಿಂದ ಆಯವ್ಯಯ ಇಂಗ್ಲಿಷ್ ಪದಕ್ಕಿಂತ ಸ್ಪಷ್ಟ. ಅದು ಹಳೆಯದೂ ಹೌದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯ, ವ್ಯಯ, ನೀವಿ ಎಂಬ ಮೂರು ಪದಗಳು ಲೆಕ್ಕಪತ್ರದ ಆಧಾರ; ವೆಚ್ಚ ಕಳೆದು ಉಳಿದ ಶಿಲ್ಕೇ ನೀವಿ. ದಾನಶಾಸನಗಳಲ್ಲಿ ‘ಅಕ್ಷಯನೀವಿ’ ಎಂದರೆ ಮುಟ್ಟದೆ ಕಾಯ್ದಿಡಬೇಕಾದ ಮೂಲಧನ. ಇದೇ ನೀವಿಗೆ ಸಂಸ್ಕೃತದಲ್ಲಿ ಇನ್ನೊಂದು ಅರ್ಥವಿದೆ: ನಡುವಿಗೆ ಉಟ್ಟ ಬಟ್ಟೆಯ ಗಂಟು. ಫ್ರೆಂಚರ ತೊಗಲುಚೀಲಕ್ಕೂ ಕೌಟಿಲ್ಯನ ಉಡಿಗಂಟಿಗೂ ಸಂಬಂಧವಿಲ್ಲ, ಆದರೆ ಎರಡೂ ಕಡೆ ಹಣದ ಪದ ಮನುಷ್ಯರ ಮೈಗೆ ಅಂಟಿಕೊಂಡ ವಸ್ತುವಿನ ಹೆಸರನ್ನೇ ಹೊತ್ತಿದೆ.

ಭಾರತದ ಸಂವಿಧಾನದ 112ನೆಯ ವಿಧಿ ಪ್ರತಿ ಹಣಕಾಸು ವರ್ಷದ ಅಂದಾಜು ಆದಾಯ ಮತ್ತು ವೆಚ್ಚವನ್ನು ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕೆಂದು ವಿಧಿಸುತ್ತದೆ. 202ನೆಯ ವಿಧಿ ರಾಜ್ಯಗಳಿಗೆ ಅದೇ ಕರ್ತವ್ಯವನ್ನು ಹೊರಿಸುತ್ತದೆ. ಎರಡರಲ್ಲಿಯೂ ಆ ದಾಖಲೆಯ ಹೆಸರು ‘ವಾರ್ಷಿಕ ಹಣಕಾಸು ವಿವರಣೆ’. ‘ಬಜೆಟ್’ ಎಂಬ ಪದವನ್ನು ಸಂವಿಧಾನ ಬಳಸಿಲ್ಲ.